ಎಷ್ಟು ಕೊಡ್ತದೆ?

ಬಣ್ಣ ಕೇಳುವುದಿಲ್ಲ, ಬೆಲೆಯನ್ನೂ ಆಮೇಲೆ.
ಕಾರವಾರದಲ್ಲಿ ಮೊದಲ ಮಾತು
‘ಎಷ್ಟು ಕೊಡ್ತದೆ?’
ಎಮ್ಮೆಗೂ ಅದೇ, ಸ್ಕೂಟರಿಗೂ ಅದೇ,
ಸೊಸೆಯ ತವರಿಗೂ, ದನಿ ತಗ್ಗಿಸಿ, ಅದೇ.

ಮಡಗಾಂವದ ಹೋಟೆಲಿನವ ‘ಹನ್ನೆರಡು’ ಅಂದಿದ್ದ.
‘ಏಳು ಸೀಟು ನಮಗೆ ಹೆಚ್ಚಾಯ್ತು ಬಾಯಿ,
ಅದಕ್ಕೇ ಮಾರುವುದು.’
ಹೆಚ್ಚಾದದ್ದು ಸೀಟಲ್ಲ
ಎಂದು ನನಗೆ ತಿಳಿಯಲು ಮೂರು ತಿಂಗಳು ಬೇಕಾಯಿತು.

ಮುಂದಿನಿಂದ ದೋಣಿಯ ಲೆಕ್ಕ,
ಅದೇ ಪುಸ್ತಕ ತಿರುಗಿಸಿ ಹಿಂದಿನಿಂದ ಕಾರಿನದು.
‘ಸಾತೇರಿ ಪ್ರಸಾದ’ ಗಂಟೆಗೆ ಹದಿನೈದು ಲೀಟರು ಕುಡಿದರೂ
ಯಾರೂ ಮೈಲೇಜು ಕೇಳಿದ್ದಿಲ್ಲ,
ಬೈತಖೋಲ ಧಕ್ಕೆಯಲ್ಲಿ ಬುಟ್ಟಿ ಎಣಿಸುತ್ತಾರೆ.
ಲೀಟರಿಗೆ ಇಷ್ಟು ಬಂಗಡೆ. ಮುಗಿಯಿತು.
ಇದು ಲೀಟರಿಗೆ ಏನು ಕೊಟ್ಟಿತು?
ಬ್ಯಾಂಕಿನ ಮ್ಯಾನೇಜರ್ ಒಮ್ಮೆ ಎದ್ದು ನಿಂತರು.
ಬರೆದಿದ್ದೇನೆ, ತಾರೀಕು ಸಮೇತ.

ಸರ್ವಿಸಿಗೆ ನಲವತ್ತೆರಡು ಸಾವಿರದ ಆರುನೂರು.
ಟಯರು ಒಂದಕ್ಕೆ ಇಪ್ಪತ್ತೆಂಟು, ಜೋಡಿಯಾಗಿಯೇ ಹಾಕಬೇಕಂತೆ,
ಚಪ್ಪಲಿಯ ಹಾಗೆ.
ಡೀಸೆಲ್ ಸಾಲದೆಂದು ಯೂರಿಯಾ ಬೇರೆ ಕುಡಿಯುತ್ತದೆ.
‘ಗದ್ದೆಗೆ ಹಾಕುವುದನ್ನೇ?’ ಅಂದೆ.
ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು, ಇವರ ಮುಖವೂ ಕೆಂಪಾಯಿತು.

ಗೋವೆಯಲ್ಲಿ ಆ ವಾರ ಲೀಟರಿಗೆ ಮೂರು ಮುಕ್ಕಾಲು ಕಡಿಮೆ.
ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ,
ಎ.ಸಿ. ಬಂದ್ ಮಾಡಿ, ಕಿಟಕಿ ಏರಿಸಿ,
ಗಾಳಿ ಹಿಡಿದರೆ ಎಣ್ಣೆ ಸುಡ್ತದಂತೆ,
ಬೆವರುತ್ತ ಹೋದೆವು ಪೋಳೆಂ ಬಂಕಿಗೆ.
ಎಂಬತ್ತು ಲೀಟರು. ಉಳಿತಾಯ ಮುನ್ನೂರು.
ಹೋಗಿ ಬರುವ ಮೂವತ್ತು ಕಿಲೋಮೀಟರಿಗೆ
ಇನ್ನೂರ ತೊಂಬತ್ತಮೂರು.
ಗೆದ್ದದ್ದು ಏಳು ರೂಪಾಯಿ.
ಮಾಜಾಳಿಯಲ್ಲಿ ಎರಡು ಚಹಾ, ಇಪ್ಪತ್ತು.
ಚಹಾ ಮಾತ್ರ ಚೆನ್ನಾಗಿತ್ತು.
ಬಾನೆಟ್ಟಿಗೆ ಒರಗಿ ಕುಡಿದೆವು,
ಹೋಗುವ ಬಸ್ಸಿನವರೆಲ್ಲ ಕುತ್ತಿಗೆ ತಿರುಗಿಸಿ ನೋಡುವ ಹಾಗೆ.

ಜೂನ್ ಒಂದು. ಮೀನು ಹಿಡಿಯಲು ಬಂದಿ.
ದೋಣಿ ಮೇಲೆ, ಕಾರು ಟಾರ್ಪಾಲಿನ ಕೆಳಗೆ,
ಎರಡೂ ಕೆಲಸ ಬಿಟ್ಟು ಕೂತವು.
ಕಂತು ಮಾತ್ರ ಕೂರಲಿಲ್ಲ.
ನಲವತ್ತನೇ ದಿನ ಚಾವಿ ತಿರುಗಿಸಿದರೆ ಕೆಮ್ಮೂ ಇಲ್ಲ.
ಖಲಾಸಿ ಗುರುದಾಸ ದೋಣಿಯ ಬ್ಯಾಟರಿ
ಹೆಗಲ ಮೇಲೆ ಹೊತ್ತು ತಂದ,
ಉಪ್ಪು ಕಟ್ಟಿದ ತಂತಿ, ಒಂದು ಕಿಡಿ,
ಹತ್ತಿತು.
ಪುಸ್ತಕದ ಯಾವ ಕಡೆಯಿಂದ ಬರೆಯಲಿ ಎಂದು ತಿಳಿಯಲಿಲ್ಲ.
ಎರಡು ಲೆಕ್ಕಗಳ ನಡುವೆ ಈಗ
ಖಾಲಿ ಇರುವುದು ಆರೇ ಹಾಳೆ.

ಹಾಗಾಗಿ ಕುಮಟೆಯಿಂದ ಒಬ್ಬರನ್ನು ಕರೆಸಿದೆವು.
ಸುತ್ತ ಎರಡು ಸಲ ನಡೆದರು, ಸೀಟು ಮೂಸಿದರು
(ಕಳೆದ ಮಾರ್ಚಿನಲ್ಲಿ ಟೆಂಪೊ ಕೆಟ್ಟಾಗ
ಹಿಂದೆ ಮೂರು ಪೆಟ್ಟಿಗೆ ಸಿಗಡಿ ಹೋಗಿತ್ತು),
ಮೂಗು ಒರೆಸಿಕೊಂಡು ಕೇಳಿದರು:
‘ಎಷ್ಟು ಕೊಡ್ತದೆ?’

ಇವರು ನನ್ನ ಮುಖ ನೋಡಿದರು.
ಹದಿನೆಂಟು ವರ್ಷ ಬುಟ್ಟಿಯ ಲೆಕ್ಕದಲ್ಲಿ
ಒಂದು ಬಂಗಡೆ ತಪ್ಪಿಸಿದವಳಲ್ಲ ನಾನು.
ಪುಸ್ತಕದಲ್ಲಿ ಇರುವುದು ಒಂಬತ್ತು ಪಾಯಿಂಟ್ ಒಂದು.
‘ಏಳು,’ ಅಂದೆ.
‘ಇಳಿಜಾರಿನಲ್ಲಿ.’

ಅವರು ತಮ್ಮ ಚಿಕ್ಕ ಕಾರು ಹತ್ತಿ ಹೊರಟರು,
ಅದು ಇಪ್ಪತ್ತೆರಡು ಕೊಡ್ತದಂತೆ.
ಇವರು ಏನೂ ಕೇಳಲಿಲ್ಲ.
ಟಾರ್ಪಾಲು ಬಿಚ್ಚಿ ಒಂದು ತುದಿ ಹಿಡಿದು ನಿಂತರು.
ಇನ್ನೊಂದು ತುದಿ ನಾನು ಹಿಡಿದೆ.