ಗುಂಡಿ

ದುರ್ಗಿಗುಡಿಯ ನನ್ನ ಡಿಟಿಪಿ ಅಂಗಡಿಯಲ್ಲಿ
ಬೆಳಗ್ಗೆ ಒಂಬತ್ತೂವರೆಗೆ ಒತ್ತಿದೆ. ಇಲ್ಲ.
ಪ್ಲಗ್ಗು ಕಿತ್ತು, ಊದಿ, ಮತ್ತೆ ಚುಚ್ಚಿ,
ಯುಪಿಎಸ್ಸಿನ ನೆತ್ತಿ ತಟ್ಟಿ
ಹೆಬ್ಬೆರಳಲ್ಲಿ ಒತ್ತಿದೆ. ಉಹುಂ.

ಒಳಗೆ ಹಾರನಹಳ್ಳಿ ಚನ್ನಬಸಮ್ಮನವರ
ಶಿವಗಣಾರಾಧನೆಯ ಕಾರ್ಡು, ಅರ್ಧ.
ಹೊರಗೆ ಬೆಂಚಿನ ಮೇಲೆ ಮೊಮ್ಮಗ,
ತೊಡೆಯ ಮೇಲೆ ಅಜ್ಜಿಯ ಫೋಟೊ ಬೋರಲು.

ಮುನೀರಾ ಬಂದಳು, ಟಿಫಿನ್ ಡಬ್ಬಿ ತುಂಬ ಸ್ಕ್ರೂ.
ಪಕ್ಕೆಯ ತಗಡು ಬಿಚ್ಚಿದರೆ
ಫ್ಯಾನಿನ ಜಾಲರಿಗೆ ಕುಂಬಾರ ಹುಳ ಕಟ್ಟಿದ ಮಣ್ಣಿನ ಮನೆ.
"ಇದಲ್ಲ ಕಾರಣ" ಅಂದಳು. ಆದರೂ ಕೆರೆದಳು.

ಪೇಪರ್ ಕ್ಲಿಪ್ಪು ಬಗ್ಗಿಸಿ
ಹಸಿರು ತಂತಿಗೂ ಕಪ್ಪಿಗೂ ಸಂಕ ಹಾಕಿದಳು:
ಪವರ್ ಸಪ್ಲೈ ಗುರ್ ಎಂದಿತು.
ರ‍್ಯಾಮ್ ಕಿತ್ತು ನನ್ನ ರಬ್ಬರಿನಲ್ಲೇ ಉಜ್ಜಿದಳು.
ಒತ್ತಿದೆ. ಅದೇ ಮೌನ.

ಕಡೆಗೆ ಬೋರ್ಡಿನ ಮೂಲೆಯ ಎರಡು ಪಿನ್ನಿಗೆ
ಸ್ಕ್ರೂಡ್ರೈವರಿನ ಮೂತಿ ಸೋಕಿಸಿದ್ದೇ ತಡ
ಬೆಳಕು.
"ಗುಂಡಿ ಸತ್ತಿದೆ ಅಣ್ಣ. ಗುಂಡಿಗೆಗೇನೂ ಆಗಿಲ್ಲ."

ಹನ್ನೊಂದು ವರ್ಷ ಅದನ್ನು ಒತ್ತಿ ಒತ್ತಿ ಸವೆಸಿದ
ಬೆರಳನ್ನು ಜೇಬಿಗೆ ಹಾಕಿಕೊಂಡೆ.

ಸೇವ್ ಆಗಿದ್ದು 'ಚನ್ನಬಸ' ಅನ್ನುವಷ್ಟೇ.
ಮೊಮ್ಮಗ ಎದ್ದು ಬಂದು ಉಳಿದದ್ದು ಹೇಳಿದ,
'ಮ್ಮ'ನಿಂದ ಶುರುಮಾಡಿ.

ಗಾಂಧಿ ಬಜಾರಿನಿಂದ ತಂದ ಕಾಲಿಂಗ್ ಬೆಲ್ಲಿನ ಸ್ವಿಚ್ಚು
ಈಗ ಅದರ ಪಕ್ಕೆಗೆ ನೇತಾಡುತ್ತದೆ,
ಮೇಲೊಂದು ಗಂಟೆಯ ಚಿತ್ರ.
ದಿನಾ ನನ್ನ ಶಟರು ನಾನೇ ಎತ್ತಿ,
ಚಪ್ಪಲಿ ಬಿಟ್ಟು, ಬೆಲ್ಲು ಒತ್ತಿ
ನಿಂತಿರುತ್ತೇನೆ,
ಯಾರದೋ ಮನೆಗೆ ಬಂದವನ ಹಾಗೆ.