ಸೀಟಿನ ಕೆಳಗಿನ ಚೀಲ

ಐದೂಕಾಲು. ಹಾಲಿನ ಬೂತಿನವನು ಕ್ರೇಟು ಎಳೆಯುವ ಸದ್ದು.
ಕತ್ತಲಲ್ಲೇ ಟೈರಿಗೆ ಹೆಬ್ಬೆರಳು ಒತ್ತುತ್ತೇನೆ,
ಗಾಡಿಯವನ ಕಣ್ಣು ತಪ್ಪಿಸಿ ಮಾವು ಒತ್ತಿದ ಹಾಗೆ.
ಹಿಂದಿನದು ಒಂಚೂರು ಹಣ್ಣಾಗಿದೆ.
ಪಂಪಿಗೆ ಕಾಲು ಕೊಟ್ಟು ನಲವತ್ತು ಸಲ ಒತ್ತಿದರೆ
ಮತ್ತೆ ಕಾಯಿ.

ಉತ್ತರಹಳ್ಳಿಯಿಂದ ವಿಲ್ಸನ್ ಗಾರ್ಡನ್ನಿಗೆ ಹನ್ನೆರಡು ಕಿಲೋಮೀಟರು,
ಏಳಕ್ಕೆ ಎಕ್ಸ್‌ರೇ ಕೋಣೆಯಲ್ಲಿ ನನ್ನ ಪಾಳಿ.
ದಿನಾ ಊರವರ ಮೂಳೆ ನೋಡುವವಳು
ಹೆಲ್ಮೆಟ್ಟಿನ ಪಟ್ಟಿ ಎರಡೆರಡು ಸಲ ಎಳೆದು ನೋಡುತ್ತೇನೆ.
ಯಾಕೆ ಅಂತ ಕೇಳಿದವರಿಗೆ
ಒಂದು ಫಿಲ್ಮು ಬೆಳಕಿಗೆ ಹಿಡಿದು ತೋರಿಸಿದ್ದೂ ಉಂಟು.

ಸೈಕಲ್ಲು ಉಕ್ಕಿನದು, ಸೆಕೆಂಡ್‌ಹ್ಯಾಂಡು,
ಟಗರಿನ ಕೊಂಬಿನಂಥ ಹ್ಯಾಂಡಲ್ಲು.
ಕಲಾಸಿಪಾಳ್ಯದ ಸಂದಿಯಲ್ಲಿ ಖಲಂದರ್ ಸಾಬರು
ಅದರ ಸಪೂರ ಟೈರು ಕಿತ್ತು ಮೂಲೆಗೆಸೆದು ಹೇಳಿದ್ದರು:
"ಇಪ್ಪತ್ಮೂರು ಪೋಸ್ಟರಿಗೆ ಚೆನ್ನ ಮೇಡಂ,
ನಮ್ಮ ರೋಡಿಗೆ ಇಪ್ಪತ್ತೆಂಟು.
ಮೂವತ್ತೆರಡು ಹಿಡಿಸಿದರೆ ಇನ್ನೂ ಪುಣ್ಯ."
ಹಿಡಿಸಲಿಲ್ಲ. ಫೋರ್ಕು ಒಪ್ಪಲಿಲ್ಲ.

ಮಡ್‌ಗಾರ್ಡು ಮಾತ್ರ ನನ್ನದೇ ಹಟ.
ಭಾನುವಾರ ಕನಕಪುರ ರಸ್ತೆಯಲ್ಲಿ
ಬಿಗಿಯುಡುಪಿನ ಹುಡುಗರು ಸರ್ರನೆ ಮುಂದೆ ಹೋಗುತ್ತ
ಒಬ್ಬ ತಿರುಗಿ, "ಆಂಟೀ, ಅದೊಂದು ತೆಗೆದರೆ ಅರ್ಧ ಕೇಜಿ ಉಳಿಯುತ್ತೆ!"
ಅರ್ಧ ಕೇಜಿ ನಾನು ಸೊಂಟದಲ್ಲೇ ಇಳಿಸಬಲ್ಲೆ ಮಗೂ,
ಕದಿರೇನಹಳ್ಳಿ ಅಂಡರ್‌ಪಾಸಿನ ನೀರು
ಬಿಳಿ ಯೂನಿಫಾರಮ್ಮಿನ ಬೆನ್ನಿಗೆ ಎಳೆದ ಗೆರೆ ಇಳಿಯುವುದಿಲ್ಲ,
ಮೂರು ಸಲ ಒಗೆದರೂ.

ಅದೇ ಹುಡುಗ, ಚಿರಂತ್ ಅಂತೆ ಹೆಸರು,
ಕಗ್ಗಲೀಪುರ ದಾಟಿದ ಮೇಲೆ ಹೊಂಗೆಯ ನೆರಳಲ್ಲಿ ಕೂತಿದ್ದ,
ಕಾರ್ಬನ್ ಸೈಕಲ್ಲು ತಲೆಕೆಳಗು.
ಪಂಪಿತ್ತು. ಟ್ಯೂಬಿತ್ತು.
ಪಂಪಿನ ಬಾಯಿ ಒಂದು ಥರ, ವಾಲ್ವಿನ ಮೂತಿ ಇನ್ನೊಂದು ಥರ,
ಜಾತಕ ಕೂಡಿರಲಿಲ್ಲ.
ನನ್ನ ಚೀಲದಲ್ಲಿ, ಪೌಡರು ಹಚ್ಚಿ
ಹಳೇ ಕಾಲುಚೀಲದೊಳಗೆ ಮಲಗಿಸಿದ ಟ್ಯೂಬಿನ ಪಕ್ಕ
ಹಿತ್ತಾಳೆಯ ಅಡಾಪ್ಟರೊಂದಿತ್ತು, ಕಡಲೆಕಾಳಿನಷ್ಟು.
ನಡುವೆ ನಿಂತು ಸಂಬಂಧ ಕುದುರಿಸಿತು.
ಗಾಳಿ ತುಂಬುವಷ್ಟು ಹೊತ್ತೂ ಅವನು ನನ್ನ ಮಡ್‌ಗಾರ್ಡೇ ನೋಡುತ್ತಿದ್ದ,
ಏನೂ ಅನ್ನಲಿಲ್ಲ.
ಅಡಾಪ್ಟರು ಅವನ ವಾಲ್ವಿನ ಮೇಲೇ ಕೂತು ಹೊರಟುಹೋಯಿತು.
ಇನ್ನೂ ವಾಪಸು ಬಂದಿಲ್ಲ.

ಕಳೆದ ತಿಂಗಳು ಬನಶಂಕರಿ ಬಸ್‌ಸ್ಟ್ಯಾಂಡಿನ ಹತ್ತಿರ
ಬಾಟಲಿ ಚೂರೊಂದು ಟೈರಿನ ಪಕ್ಕೆ ಸೀಳಿತು.
ಸೀಳಿಗೆ ಒಳಗಿಂದ ಹತ್ತರ ನೋಟು ಮಡಚಿಟ್ಟು
ನಾಲ್ಕು ದಿನ ಓಡಾಡಿದೆ.
ಆಸ್ಪತ್ರೆಯ ಪಾರ್ಕಿಂಗಿನ ಮುನಿಯಲ್ಲಪ್ಪ
"ದುಡ್ಡಿನ ಮೇಲೇ ಓಡಾಡ್ತೀರಲ್ಲಮ್ಮಾ,
ಇನ್ಮೇಲೆ ಕಾರಿನ ಸಾಲಲ್ಲಿ ನಿಲ್ಸಿ" ಅಂದ.
ಖಲಂದರ್ ಸಾಬರು ಟೈರು ಬಿಚ್ಚಿ, ನೋಟು ಬಿಡಿಸಿ,
ಬಿಸಿಲಿಗೆ ಹಿಡಿದು ನೋಡಿ,
"ನಡೆಯುತ್ತೆ" ಅಂತ ಜೇಬಿಗಿಟ್ಟರು.
ಕೂಲಿ ಬೇರೆ ತಗೊಂಡರು.

ಹನ್ನೆರಡು ಕಿಲೋಮೀಟರಿಗೆ ಇಷ್ಟೆಲ್ಲ ಸಾಮಾನು ಯಾಕೆ
ಅನ್ನುತ್ತಾನೆ ಮನೆಯಲ್ಲಿ ಗಂಡ, ಸ್ಕೂಟರಿನ ಕೀ ಹುಡುಕುತ್ತ.
ಅವನಿಗೆ ಹೇಳಿಲ್ಲ,
ಡೇರಿ ಸರ್ಕಲ್ಲಿನ ಮೇಲ್ಸೇತುವೆಗೋಸ್ಕರ ಅಂತ.
ಏರಿನಲ್ಲಿ ಗೇರು ಒಂದೊಂದೇ ಮೆಟ್ಟಿಲು ಇಳಿಸಿ,
ತೊಡೆ ಉರಿದು, ಬಾಯಿ ಒಣಗಿ,
ನೆತ್ತಿಗೆ ಬಂದು ಕಾಲು ನಿಲ್ಲಿಸುತ್ತೇನೆ.
ಹಿಂದಿನ ಚಕ್ರ ಟಿಕಟಿಕ ಟಿಕಟಿಕ ಎಣಿಸತೊಡಗುತ್ತದೆ,
ಆಮೇಲೆ ಎಣಿಕೆ ತಪ್ಪುತ್ತದೆ.
ಗಾಳಿ ಜಾಕೆಟ್ಟಿನೊಳಗೆ ಹೊಕ್ಕು ಬೆನ್ನಲ್ಲಿ ಉಬ್ಬುತ್ತದೆ.
ಮಡ್‌ಗಾರ್ಡು ಸಣ್ಣಗೆ ಗುಣುಗುತ್ತಿದೆ,
ಎಲ್ಲೋ ಸ್ಕ್ರೂ ಸಡಿಲ,
ನಿಲ್ಲಿಸಿ ನೋಡಬೇಕು, ನಾಲ್ಕರ ಅಲೆನ್ ಕೀ ಸಾಕು,
ನೋಡುತ್ತೇನೆ.
ಈಗಲ್ಲ.
ಕೆಳಗೆ ಮುಟ್ಟಲಿ.