ಧೂಳಿನ ಬಾಬ್ತು

ರಾತ್ರಿ ಹತ್ತೂವರೆ. ಥಂಡರ್ ಬೇ ಊರಿನಲ್ಲಿ
ಸರೋವರ ಇನ್ನೂ ಪೂರ್ತಿ ಹೆಪ್ಪುಗಟ್ಟಿಲ್ಲ.
ನಾನು, ಇರ್ಯಾ ಕೊಸುನೆನ್, ವಯಸ್ಸು ಎಪ್ಪತ್ತೊಂದು,
ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ತೆರೆದು
ಪಾಯಿಂಟ್ ನಾಲ್ಕು ಸೊನ್ನೆ ನಾಲ್ಕು ಯೂನಿಟ್ಟಿಗಾಗಿ
ಹುಡುಕುತ್ತಿದ್ದೇನೆ.

ಸಾಫ್ಟ್‌ವೇರ್ ಹೇಳುತ್ತದೆ: ನಿನ್ನ ಹತ್ತಿರ ಇರುವುದು
ಸಾವಿರದ ಎಂಟುನೂರ ನಲವತ್ತೆರಡು ಪಾಯಿಂಟ್ ಮೂರು ಸೊನ್ನೆ ಏಳು.
ಫಂಡಿನವರ ಕಾಗದ ಹೇಳುತ್ತದೆ: ಅಲ್ಲ,
ಪಾಯಿಂಟ್ ಏಳು ಒಂದು ಒಂದು.

ಹೆಚ್ಚೇ ಇದೆಯಲ್ಲ, ಬಿಡು, ಎಂದಳು ಪಕ್ಕದ ಮನೆಯ ಡೋರೀನ್,
ಕಡಿಮೆ ಬಿದ್ದರೆ ತಾನೆ ಜಗಳ?
ಅವಳು ಬದುಕಿಡೀ ಜನರ ಕೂದಲು ಕತ್ತರಿಸಿದವಳು,
ಕತ್ತರಿಸಿದ್ದನ್ನು ತೂಗುವ ಕೆಲಸ ಅವಳಿಗಿರಲಿಲ್ಲ.

ನನಗಿತ್ತು. ಇಪ್ಪತ್ತೊಂಬತ್ತು ವರ್ಷ
ದಂಡೆಯ ಮೇಲಿನ ಕಾಂಕ್ರೀಟು ಕಣಜದಲ್ಲಿ
ನಾನು ತಕ್ಕಡಿಯ ಹೆಂಗಸು.
ಪ್ರೇರಿಯಿಂದ ಬಂದ ಡಬ್ಬಿ ಡಬ್ಬಿ ಗೋಧಿ
ಕಣ್ಣೆದುರೇ ಸುರಿದು, ಮುಳ್ಳು ನಿಂತು,
ನಾನು ಚೀಟಿ ಹರಿದ ಮೇಲೆಯೇ ಹಡಗಿಗೆ.
ಒಳಗೆ ಬಂದದ್ದೂ ಹೊರಗೆ ಹೋದದ್ದೂ
ಒಂದು ದಿನವಾದರೂ ತಾಳೆಯಾದದ್ದಿಲ್ಲ.
ನಡುವೆ ಧೂಳಿತ್ತು. ಪಾರಿವಾಳಗಳಿದ್ದವು.
ಟೆಯೋದೋರ್ ಹ್ರಿಂಚಕ್ ಇದ್ದ,
ಬೂಟಿನೊಳಗೆ ದಿನಕ್ಕೆ ಎರಡು ಹಿಡಿ,
ಅವನ ಮನೆಯಲ್ಲಿ ಒಂಬತ್ತು ಕೋಳಿ.
ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದೆ:
ಧೂಳಿನ ಬಾಬ್ತು.
ಮೇಲಿನವರು ಓದದೆ ರುಜು ಹಾಕಿದರು.
ಈಸ್ಟರ್ ಬಂತೆಂದರೆ ನನ್ನ ಮೇಜಿನ ಮೇಲೆ
ಯಾರೋ ಆರು ಮೊಟ್ಟೆ ಇಟ್ಟಿರುತ್ತಿದ್ದರು.

ಸಂಬಳಕ್ಕೊಮ್ಮೆ ಇಪ್ಪತ್ತೈದು ಡಾಲರ್ ಫಂಡಿಗೆ.
ಫಂಡು ಮೂರು ಸಲ ಹೆಸರು ಬದಲಿಸಿತು,
ನನಗಿಂತ ಒಂದು ಸಲ ಹೆಚ್ಚು.
ಹನಿ ಕೂಡಿ ಹಳ್ಳ ಎನ್ನುವವರು
ಹಳ್ಳ ಬತ್ತಿದ ವರ್ಷ ಎಲ್ಲಿರುತ್ತಾರೋ.

ಪರದೆಯ ಮೂಲೆಯಲ್ಲೊಂದು ಗುಂಡಿ:
ಸರಿದೂಗಿಸಲೇ?
ಒತ್ತಿದರೆ ಮುಗಿಯಿತು. ಅದೇ ಒಂದು ಸಾಲು ಹುಟ್ಟಿಸಿ
ಅದೇ ಸುಳ್ಳು ಹೇಳಿ
ಅದೇ ರುಜು ಹಾಕುತ್ತದೆ.
ಬೆರಳು ಅಲ್ಲಿಯವರೆಗೂ ಹೋಯಿತು.
ಕೋಳಿ ಸಾಕದವರಿಗೆ ಆ ಗುಂಡಿ ಯಾಕೆ?

ಬಿಸ್ಕತ್ತಿನ ಡಬ್ಬದ ಕಾಗದಗಳನ್ನು ವರ್ಷವಾರು ಹರಡಿದೆ.
ಎರಡು ಸಾವಿರದ ಎಂಟು, ಮಾರ್ಚ್. ಜೂನ್. ಸೆಪ್ಟೆಂಬರ್.
ಡಿಸೆಂಬರ್ ಇಲ್ಲ.

ಆಗ ನೆನಪಾಯಿತು. ಆ ಚಳಿಗಾಲ
ಪೇಪರಿನ ತುಂಬ ಕೆಳಗಿಳಿಯುವ ಗೆರೆಗಳು,
ಮೂರರಲ್ಲೊಂದು ಪಾಲು ಕರಗಿತ್ತು.
ಲಕೋಟೆ ಬಂತು. ಒಡೆಯಲಿಲ್ಲ.
ಹಿತ್ತಲ ಸೌನಾದ ಒಲೆಗೆ ತುರುಕಿ
ಅದರ ಮೇಲೆ ಬರ್ಚ್ ತೊಗಟೆ, ಅದರ ಮೇಲೆ ಸೌದೆ,
ಕಾದ ಕಲ್ಲಿಗೆ ನೀರೆರಚಿ
ಬೆತ್ತಲೆ ಕೂತು
ಆ ವರ್ಷವನ್ನೇ ಬೆವರಿದ್ದೆ.

ಹಳೆಯ ಬೆಲೆಯನ್ನು ಸಾಫ್ಟ್‌ವೇರೇ ತರಿಸಿತು:
ಡಿಸೆಂಬರ್ ಹತ್ತೊಂಬತ್ತು, ಒಂಬತ್ತು ಡಾಲರ್ ಹನ್ನೆರಡು ಸೆಂಟ್.
ಹಾಗಾದರೆ ಡಿವಿಡೆಂಡು
ಮೂರು ಡಾಲರ್ ಅರವತ್ತೆಂಟು ಸೆಂಟ್.
ಎಲ್ಲ ಕುಸಿಯುತ್ತಿದ್ದಾಗಲೂ
ಅಷ್ಟೊಂದು ಕಳಿಸಿದ್ದರು.
ಗುಲಗಂಜಿ ತೂಕ. ಉರಿಸಿಬಿಟ್ಟಿದ್ದೆ,
ಆದರೂ ಅದು ಅಲ್ಲೇ, ನನ್ನ ಹೆಸರಿನಲ್ಲೇ,
ಯೂನಿಟ್ಟಾಗಿ ಕೂತಿತ್ತು.

ಬರೆದೆ. ವ್ಯತ್ಯಾಸ: ಸೊನ್ನೆ.
ಟಿಪ್ಪಣಿಯ ಕಡೆ: ಓದದೆ ಸುಟ್ಟದ್ದು.

ಮಲಗಬೇಕಿತ್ತು. ಕೈ ಕೇಳಲಿಲ್ಲ.
ಹೊಸದೊಂದು ಖಾತೆ ತೆರೆದು,
ಜಮಾ ಕಡೆಗೆ, ಹ್ರಿಂಚಕ್ ಹೆಸರಿನಲ್ಲಿ,
ವರ್ಷಕ್ಕೆ ಆರರಂತೆ, ಹನ್ನೊಂದು ಈಸ್ಟರ್,
ಮೊಟ್ಟೆ: ಅರವತ್ತಾರು.

ಬೆಲೆ ಖಾಲಿ ಬಿಡುವಂತಿಲ್ಲ, ಎಂದಿತು ಪರದೆ.

ಕಿಟಕಿಯಾಚೆ ಬಂದರಿನ ದೀಪದಡಿ
ಮಂಜುಗಡ್ಡೆ ಒಂದಕ್ಕೊಂದು ಒರಸಿಕೊಳ್ಳುತ್ತಿತ್ತು,
ಖಾಲಿ ಕಣಜದಲ್ಲಿ
ಯಾರೋ ಗುಡಿಸುವ ಸದ್ದಿನ ಹಾಗೆ.
ನಾನಿನ್ನೂ
ಅಂಕಿಯ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದೇನೆ.